ಎಡೆದೊರೆಯಲ್ಲಿ ಸರ್ಕಾರ ಕವಲೊಡೆದ ಬಗೆ

ಮಾನ್ವಿ ತಾಲ್ಲೂಕಿನ ಕುರ್ಡಿಯಂಥ ಊರುಗಳಲ್ಲಿ ‘ಸರ್ಕಾರ’ ಎಂಬುದು ಏಕವಚನದ ಮಾತು. ಸರ್ಕಾರ ಕೊಟ್ಟಿತು, ಸರ್ಕಾರ ಕೊಡಲಿಲ್ಲ, ಸರ್ಕಾರಕ್ಕೆ ಕಣ್ಣಿಲ್ಲ ಎನ್ನುತ್ತೇವೆ. ಆದರೆ ಅದೇ ಊರಿನ ರೈತ ಒಂದು ಕೆಲಸ ಹಿಡಿದು ಹೊರಟರೆ ಈ ಏಕವಚನ ಊರಬಾಗಿಲಲ್ಲೇ ಒಡೆಯುತ್ತದೆ. ಪಹಣಿಯಲ್ಲಿ ಹೆಸರು ತಪ್ಪಿದ್ದರೆ ಕಂದಾಯ ಇಲಾಖೆ. ಬಾಂದುಕಲ್ಲು ಸರಿದಿದ್ದರೆ ಭೂಮಾಪನ ಇಲಾಖೆ. ಹೊಲ ಕೊಂಡರೆ ಉಪನೋಂದಣಾಧಿಕಾರಿ. ಕರೆಂಟು ಹೋದರೆ ಜೆಸ್ಕಾಂ. ಹತ್ತಿ ಮಾರಬೇಕಾದರೆ ಎಪಿಎಂಸಿ. ಅಣ್ಣತಮ್ಮಂದಿರ ಪಾಲಿನ ತಕರಾರು ಬಿದ್ದರೆ ಕೋರ್ಟು. ಒಂದೇ ಹೊಲ, ಹಲವು ಬಾಗಿಲು. ಒಂದು ಬಾಗಿಲಲ್ಲಿ ಕೇಳಿದ್ದಕ್ಕೆ ಇನ್ನೊಂದು ಬಾಗಿಲನ್ನು ತೋರಿಸುವುದು ಕಚೇರಿಗಳ ಹಳೆಯ ರೂಢಿ.

ಪಠ್ಯಪುಸ್ತಕದಲ್ಲಿ ನಾವು ಓದುವುದು ಸರಳವಾಗಿದೆ. ಸರ್ಕಾರಕ್ಕೆ ಮೂರು ಅಂಗಗಳು: ಕಾನೂನು ಮಾಡಲು ಶಾಸಕಾಂಗ, ಅದನ್ನು ನಡೆಸಲು ಕಾರ್ಯಾಂಗ, ತಪ್ಪುಒಪ್ಪು ತೂಗಲು ನ್ಯಾಯಾಂಗ. ಕಾರ್ಯಾಂಗದ ಕೆಳಗೆ ಇಲಾಖೆಗಳು, ಇಲಾಖೆಗಳ ಪಕ್ಕದಲ್ಲಿ ನಿಗಮ, ಮಂಡಳಿ, ಆಯೋಗಗಳು. ಈ ಚಿತ್ರ ತಪ್ಪಲ್ಲ. ಆದರೆ ಇದು ಒಂದು ದಿನ ಯಾರೋ ಕುಳಿತು ಬರೆದ ನಕ್ಷೆಯೆಂಬ ಭಾವನೆ ಬರುತ್ತದೆ. ರಾಯಚೂರು ಸೀಮೆಯ ಇತಿಹಾಸ ಬೇರೆಯದನ್ನೇ ಹೇಳುತ್ತದೆ. ಇಲ್ಲಿ ಆಡಳಿತದ ಒಂದೊಂದು ಕವಲೂ ಒಂದೊಂದು ಕಾಲದಲ್ಲಿ, ಒಂದೊಂದು ಒತ್ತಡಕ್ಕೆ ಸಿಕ್ಕಿ ಹುಟ್ಟಿದ್ದು. ಯಾವುದು ಯಾಕೆ ಬೇರೆಯಾಯಿತು ಎಂದು ತಿಳಿದರೆ, ಯಾವ ಬಾಗಿಲಲ್ಲಿ ಏನು ಕೇಳಬಹುದು ಎಂಬುದೂ ತಿಳಿಯುತ್ತದೆ.

ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ಈ ದೋಆಬ್ ಪ್ರದೇಶದಲ್ಲಿಯೇ ಮಸ್ಕಿ ಇದೆ. 1915ರಲ್ಲಿ ಚಿನ್ನದ ಗಣಿ ಎಂಜಿನಿಯರ್ ಸಿ. ಬೀಡನ್ ಅಲ್ಲಿನ ಬಂಡೆಯ ಮೇಲಿನ ಅಶೋಕನ ಶಾಸನವನ್ನು ಗುರುತಿಸಿದ. ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆ ಅಶೋಕನ ಹೆಸರೂ ಅದರಲ್ಲಿ ಇದ್ದದ್ದರಿಂದ ಮಸ್ಕಿ ಲೋಕಪ್ರಸಿದ್ಧವಾಯಿತು. ನಮ್ಮ ವಿಷಯಕ್ಕೆ ಇದಕ್ಕಿಂತ ಹತ್ತಿರದ್ದು ಮೊಳಕಾಲ್ಮೂರು ಬಳಿಯ ಬ್ರಹ್ಮಗಿರಿಯ ಶಾಸನ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ, ಅಂದರೆ ರಾಜಕುಮಾರ, ಮತ್ತು ಅಲ್ಲಿನ ಮಹಾಮಾತ್ರರು ಇಸಿಲದ ಮಹಾಮಾತ್ರರ ಕ್ಷೇಮ ವಿಚಾರಿಸಿ ಚಕ್ರವರ್ತಿಯ ಆಜ್ಞೆಯನ್ನು ದಾಟಿಸುತ್ತಾರೆ. ಈ ಸುವರ್ಣಗಿರಿಯನ್ನು ವಿದ್ವಾಂಸರು ಮಸ್ಕಿ, ಕನಕಗಿರಿಗಳ ಸುತ್ತಿನ ಚಿನ್ನದ ಸೀಮೆಯಲ್ಲಿ ಹುಡುಕಿದ್ದಾರೆ. ಎರ್ರಗುಡಿಯ ಶಾಸನದಲ್ಲಿ ಇನ್ನೂ ಒಂದು ಮೆಟ್ಟಿಲು ಕೆಳಗೆ ಇಳಿಯುತ್ತೇವೆ. ಅಲ್ಲಿ ‘ರಾಜುಕ’ನೆಂಬ ಅಧಿಕಾರಿ ಭೇರಿ ಹೊಡೆಸಿ ಜನಪದಕ್ಕೆ ಆಜ್ಞೆ ತಿಳಿಸಬೇಕು. ಪಾಟಲಿಪುತ್ರ, ಪ್ರಾಂತದ ರಾಜಕುಮಾರ, ಮಹಾಮಾತ್ರ, ರಾಜುಕ, ಜನ. ಇಂದಿನ ಸರ್ಕಾರಿ ಆದೇಶಗಳ ಕೊನೆಯಲ್ಲಿ ‘ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’ ಎಂದು ಬರೆದು ಅಧೀನ ಕಾರ್ಯದರ್ಶಿ ರುಜು ಹಾಕುವುದನ್ನು ನೋಡಿದವರಿಗೆ ಈ ಸರಪಳಿ ಅಪರಿಚಿತವೆನಿಸದು. ಆಜ್ಞೆ ಒಬ್ಬರದು, ಕೈ ಇನ್ನೊಬ್ಬರದು. ಆದರೆ ಅಶೋಕನ ಸರಪಳಿಯಲ್ಲಿ ಮಾತು ಮೇಲಿನಿಂದ ಕೆಳಗೆ ಹರಿಯುತ್ತಿತ್ತು. ಕೆಳಗಿನಿಂದ ಮೇಲಕ್ಕೆ ಉತ್ತರ ಕೇಳುವ ವ್ಯವಸ್ಥೆಯೊಂದು ಆ ಶಾಸನಗಳಲ್ಲಿ ಕಾಣುವುದಿಲ್ಲ.

ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಈ ಸೀಮೆಯ ಹೆಸರು ‘ಎಡೆದೊರೆ ಎರಡುಸಾಸಿರ’. ಎರಡು ತೊರೆಗಳ ಎಡೆಯ ನಾಡು ಎಂಬ ಅಚ್ಚಗನ್ನಡ ಹೆಸರು ಇದು. ಆ ಕಾಲದ ಶಾಸನಗಳಲ್ಲಿ ಸಂಧಿವಿಗ್ರಹಿ, ದಂಡನಾಯಕ, ಪೆರ್ಗಡೆ, ಸುಂಕವೆರ್ಗಡೆ, ಸೇನಬೋವ, ಗಾವುಂಡ ಎಂಬ ಹೆಸರುಗಳು ಸಾಲಾಗಿ ಬರುತ್ತವೆ. ಸುಂಕಕ್ಕೊಬ್ಬ, ಯುದ್ಧ ಮತ್ತು ಸಂಧಿಗೊಬ್ಬ, ಲೆಕ್ಕಕ್ಕೊಬ್ಬ. ಅಂದರೆ ಕೆಲಸದ ಹಂಚಿಕೆ ಇತ್ತು. ಆದರೆ ದಂಡನಾಯಕನೇ ನಾಡನ್ನು ಆಳುವವನೂ ಆಗಿರುತ್ತಿದ್ದ, ತೆರಿಗೆ ಬಿಟ್ಟುಕೊಡುವವನೂ ಆಗಿರುತ್ತಿದ್ದ. ಕೆಲಸ ಹಂಚಿತ್ತು, ಅಧಿಕಾರ ಹಂಚಿರಲಿಲ್ಲ. ಈ ಎರಡರ ನಡುವಿನ ವ್ಯತ್ಯಾಸವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಕಥೆ ಸಲೀಸಾಗಿ ಅರ್ಥವಾಗುತ್ತದೆ.

ಅಧಿಕಾರವನ್ನೇ ಹಂಚುವ ಮೊದಲ ದೊಡ್ಡ ಪ್ರಯತ್ನ ಈ ಭಾಗದಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನನದು. ರಾಜ್ಯದಲ್ಲಿ ನಾಲ್ಕು ‘ತರಫ್’ಗಳಿದ್ದವು. ಒಬ್ಬೊಬ್ಬ ತರಫ್‌ದಾರನೂ ಚಿಕ್ಕ ಸುಲ್ತಾನನಂತಿದ್ದ. ಗವಾನ್ ನಾಲ್ಕನ್ನು ಎಂಟು ಮಾಡಿದ. ಒಬ್ಬ ತರಫ್‌ದಾರನ ಕೈಯಲ್ಲಿ ಒಂದೇ ಕೋಟೆ ಇರಬೇಕು, ಉಳಿದ ಕೋಟೆಗಳ ಅಧಿಕಾರಿಗಳು ನೇರ ಸುಲ್ತಾನನಿಗೆ ಉತ್ತರಿಸಬೇಕು ಎಂದ. ಒಂದೇ ಪ್ರಾಂತದಲ್ಲಿ ಎರಡು ಕೈಗಳು ಒಂದನ್ನೊಂದು ಕಾಯುವ ಉಪಾಯ ಇದು. ಇದರಿಂದ ಅಧಿಕಾರ ಕಳೆದುಕೊಂಡವರು ಸುಮ್ಮನಿರಲಿಲ್ಲ. 1481ರಲ್ಲಿ ಸುಳ್ಳು ಆರೋಪದ ಮೇಲೆ ಗವಾನನ ತಲೆ ಹೋಯಿತು. ಆಡಳಿತ ಸುಧಾರಣೆ ಬರೀ ಕಡತದ ಕೆಲಸವಲ್ಲ ಎಂಬುದಕ್ಕೆ ಇದಕ್ಕಿಂತ ಕಠಿಣ ಸಾಕ್ಷಿ ಬೇಡ.

ವಿಜಯನಗರ, ಬಿಜಾಪುರ, ಮೊಗಲರ ಕೈ ದಾಟಿ ಈ ಸೀಮೆ ಹದಿನೆಂಟನೆಯ ಶತಮಾನದಲ್ಲಿ ಹೈದರಾಬಾದ್ ನಿಜಾಮರ ಪಾಲಾಯಿತು. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ನಿಜಾಮ ಸರ್ಕಾರ ಸಾಲದಲ್ಲಿ ಮುಳುಗಿತ್ತು. ಕಂದಾಯ ವಸೂಲಿಯನ್ನು ಗುತ್ತಿಗೆಗೆ ಕೊಡಲಾಗುತ್ತಿತ್ತು. ಗುತ್ತಿಗೆ ಹಿಡಿದವನಿಗೆ ‘ತಾಲ್ಲೂಕ್‌ದಾರ’ ಎಂದು ಹೆಸರು. ಅವನು ಸರ್ಕಾರಕ್ಕೆ ಇಷ್ಟು ಕೊಡುತ್ತೇನೆ ಎಂದು ಒಪ್ಪಿಕೊಂಡು, ರೈತನಿಂದ ಎಷ್ಟು ಹಿಂಡಬಹುದೋ ಅಷ್ಟು ಹಿಂಡುತ್ತಿದ್ದ. ಸಾಲ ಕೊಟ್ಟ ಸಾಹುಕಾರರಿಗೂ, ಸಂಬಳ ಬಾಕಿಯಿದ್ದ ಸೈನ್ಯದ ಜಮಾದಾರರಿಗೂ ಜಿಲ್ಲೆಗಳ ಉತ್ಪನ್ನವನ್ನೇ ಒತ್ತೆ ಹಾಕಿದ್ದುಂಟು. ರೈತನಿಗೆ ಆಗ ಒಂದೇ ಬಾಗಿಲು. ಆ ಬಾಗಿಲಲ್ಲಿ ನಿಂತವನು ಸರ್ಕಾರದವನಲ್ಲ, ವ್ಯಾಪಾರಿ.

1853ರ ಮೇ ತಿಂಗಳಲ್ಲಿ, ಬ್ರಿಟಿಷರ ಕಂಟಿಂಜೆಂಟ್ ಸೈನ್ಯದ ಖರ್ಚಿನ ಬಾಬ್ತು ನಿಜಾಮರು ಬೇರಾರ್, ನಳದುರ್ಗ ಮತ್ತು ರಾಯಚೂರು ದೋಆಬ್‌ಗಳನ್ನು ಈಸ್ಟ್ ಇಂಡಿಯಾ ಕಂಪನಿಯ ಆಡಳಿತಕ್ಕೆ ಒಪ್ಪಿಸಿದರು. ಅದಾದ ಕೆಲವೇ ದಿನಗಳಲ್ಲಿ ಮೀರ್ ತುರಾಬ್ ಅಲಿ ಖಾನ್, ಅಂದರೆ ಒಂದನೆಯ ಸಾಲಾರ್ ಜಂಗ್, ದಿವಾನರಾದರು. ಆಗ ಅವರ ವಯಸ್ಸು ಇಪ್ಪತ್ತನಾಲ್ಕು. ಏಳು ವರ್ಷ ದೋಆಬ್ ಬ್ರಿಟಿಷ್ ಡೆಪ್ಯುಟಿ ಕಮಿಷನರರ ಕೈಯಲ್ಲಿತ್ತು. 1860ರಲ್ಲಿ ರಾಯಚೂರು ಮತ್ತು ನಳದುರ್ಗ ನಿಜಾಮರಿಗೆ ಮರಳಿದವು. ಸಂಬಳದ ಅಧಿಕಾರಿ, ಲಿಖಿತ ದಾಖಲೆ, ಜಿಲ್ಲೆಯೆಂಬ ಘಟಕ ಇವುಗಳ ರುಚಿಯನ್ನು ನೋಡಿ ಈ ಸೀಮೆ ವಾಪಸ್ಸಾಗಿತ್ತು.

ಸಾಲಾರ್ ಜಂಗ್ 1865ರಲ್ಲಿ ‘ಜಿಲಾಬಂದಿ’ ಜಾರಿಗೆ ತಂದರು. ರಾಜ್ಯ ವಿಭಾಗಗಳಾಗಿ, ವಿಭಾಗ ಜಿಲ್ಲೆಗಳಾಗಿ, ಜಿಲ್ಲೆ ತಾಲ್ಲೂಕುಗಳಾಗಿ ಒಡೆಯಿತು. ಅವರು ಹಳೆಯ ತಾಲ್ಲೂಕ್‌ದಾರ ಎಂಬ ಹೆಸರನ್ನು ತೆಗೆದುಹಾಕಲಿಲ್ಲ, ಅದರ ಅರ್ಥವನ್ನು ಬದಲಿಸಿದರು. ಗುತ್ತಿಗೆದಾರನಾಗಿದ್ದ ತಾಲ್ಲೂಕ್‌ದಾರ ಈಗ ಸಂಬಳದ ಜಿಲ್ಲಾಧಿಕಾರಿ, ‘ಅವ್ವಲ್ ತಾಲ್ಲೂಕ್‌ದಾರ’. ಅವನ ಕೆಳಗೆ ಎರಡನೆಯ ಮತ್ತು ಮೂರನೆಯ ತಾಲ್ಲೂಕ್‌ದಾರರು, ತಾಲ್ಲೂಕಿಗೊಬ್ಬ ತಹಸೀಲ್ದಾರ, ಅವನ ಕೆಳಗೆ ಗಿರ್ದಾವರ. ಹಳ್ಳಿಯಲ್ಲಿ ಮಾಲಿ ಪಟೇಲ, ಪೊಲೀಸ್ ಪಟೇಲ, ಪಟವಾರಿ. ಕಂದಾಯ ವಸೂಲಿಯ ಪಟೇಲನೇ ಬೇರೆ, ಕಾನೂನು ಸುವ್ಯವಸ್ಥೆಯ ಪಟೇಲನೇ ಬೇರೆ ಎಂಬುದನ್ನು ಗಮನಿಸಬೇಕು. ಇಲಾಖೆಗಳ ಕವಲು ಹಳ್ಳಿಯ ಚಾವಡಿಯವರೆಗೂ ಬಂದಿತ್ತು. 1868ರಲ್ಲಿ ಮೇಲುಮಟ್ಟದಲ್ಲೂ ನಾಲ್ವರು ‘ಸದ್ರ್-ಉಲ್-ಮಹಾಮ್’ಗಳು ನೇಮಕಗೊಂಡರು. ನ್ಯಾಯ, ಕಂದಾಯ, ಪೊಲೀಸ್, ಮತ್ತು ಉಳಿದೆಲ್ಲ ಸೇರಿದ ಸಂಕೀರ್ಣ ವಿಷಯಗಳಿಗೆ ಒಬ್ಬೊಬ್ಬರು. ಖಾತೆವಾರು ಮಂತ್ರಿಗಳ ಪದ್ಧತಿಯ ಬೀಜ ಇಲ್ಲಿದೆ. ಈ ದೋಆಬಿನಲ್ಲಿ ಮೊದಲು ರಾಯಚೂರು, ಲಿಂಗಸುಗೂರು ಎಂಬ ಎರಡು ಜಿಲ್ಲೆಗಳಿದ್ದವು. 1905ರಲ್ಲಿ ಲಿಂಗಸುಗೂರು ಜಿಲ್ಲೆಯನ್ನು ಮುರಿದು ಅದರ ಬಹುಭಾಗವನ್ನು ರಾಯಚೂರಿಗೆ ಸೇರಿಸಿದರು.

ಇದೇ ವರ್ಷಗಳಲ್ಲಿ ತುಂಗಭದ್ರೆಯ ತೆಂಕಣಕ್ಕೆ ಮೈಸೂರಿನಲ್ಲಿ ಬೇರೊಂದು ದಾರಿ ತೆರೆದಿತ್ತು. ಅಲ್ಲಿ ಹದಿನೆಂಟು ಇಲಾಖೆಗಳ ಹಳೆಯ ಕಲ್ಪನೆಯನ್ನು ‘ಅಠಾರಾ ಕಚೇರಿ’ ಎಂಬ ಹೆಸರು ಉಳಿಸಿಕೊಂಡಿತ್ತು. ಆ ಹೆಸರಿನ ಕಟ್ಟಡ ಬೆಂಗಳೂರಿನಲ್ಲಿ 1868ರ ಹೊತ್ತಿಗೆ ಸಿದ್ಧವಾಯಿತು. 1881ರಲ್ಲಿ ಪ್ರಜಾಪ್ರತಿನಿಧಿ ಸಭೆ, 1907ರಲ್ಲಿ ನ್ಯಾಯವಿಧಾಯಕ ಸಭೆ ಬಂದವು. ಅಧಿಕಾರ ಸೀಮಿತವಾಗಿದ್ದರೂ ಪ್ರಜೆಗಳು ದಿವಾನರೆದುರು ಎದ್ದುನಿಂತು ಅಹವಾಲು ಹೇಳಿಕೊಳ್ಳುವ ಒಂದು ಜಾಗ ಅಲ್ಲಿತ್ತು. ಹೈದರಾಬಾದಿನಲ್ಲಿ 1893ರಲ್ಲಿ ಶಾಸನ ಸಭೆಯ ಏರ್ಪಾಡಾದರೂ ಅದು ಅಧಿಕಾರಿಗಳು ಮತ್ತು ನಾಮಕರಣಗೊಂಡವರ ಕೂಟವಾಗಿಯೇ ಉಳಿಯಿತು. ಕೊನೆಯ ಮಾತು ನಿಜಾಮರ ಫರ್ಮಾನಿನದು.

ಹಾಗಿದ್ದೂ 1919ರಲ್ಲಿ ಏಳನೆಯ ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನರು ‘ಬಾಬ್-ಎ-ಹುಕೂಮತ್’ ಎಂಬ ಕಾರ್ಯಕಾರಿ ಮಂಡಳಿಯನ್ನು ರಚಿಸಿದರು. ಸರ್ ಅಲಿ ಇಮಾಮ್ ಅದರ ಮೊದಲ ಅಧ್ಯಕ್ಷರು. ಎರಡು ವರ್ಷದ ನಂತರ, 1921ರಲ್ಲಿ, ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸುವ ಫರ್ಮಾನು ಹೊರಟಿತು. ಕಂದಾಯ ವಸೂಲಿ ಮಾಡುವ ತಹಸೀಲ್ದಾರನೇ ಅಪರಾಧ ವಿಚಾರಣೆಯನ್ನೂ ನಡೆಸುವ ಪದ್ಧತಿ ಕೊನೆಗಾಣಬೇಕಿತ್ತು. ಬ್ರಿಟಿಷ್ ಇಂಡಿಯಾದಲ್ಲಿ ಕಾಂಗ್ರೆಸ್ಸಿನವರು ದಶಕಗಳಿಂದ ಕೇಳುತ್ತಿದ್ದರೂ ಸಿಗದಿದ್ದ ಸುಧಾರಣೆ ಇದು. ನಮ್ಮ ಸಂವಿಧಾನದ 50ನೆಯ ವಿಧಿ ರಾಜ್ಯಕ್ಕೆ ಹೇಳಿದ್ದೂ ಇದನ್ನೇ.

ಇಲ್ಲಿ ಒಂದು ಗಂಟು ಇದೆ. ಒಂದು ಅಂಗವನ್ನು ಇನ್ನೊಂದರಿಂದ ಇಷ್ಟು ಬೇಗ ಬೇರ್ಪಡಿಸಿದ ರಾಜ್ಯದಲ್ಲಿ ಪ್ರಜೆಗೆ ಏನು ದಕ್ಕಿತು? ರಾಜ್ಯದ ಸುಮಾರು ಮೂರನೆಯ ಒಂದು ಭಾಗ ಜಾಗೀರು, ಪಾಯಗಾ, ಸಂಸ್ಥಾನಗಳ ಕೈಯಲ್ಲಿತ್ತು. ಇನ್ನೊಂದು ಪಾಲು ‘ಸರ್ಫ್-ಎ-ಖಾಸ್’, ನಿಜಾಮರ ಸ್ವಂತದ್ದು. ಅಂದಿನ ರಾಯಚೂರು ಜಿಲ್ಲೆಯನ್ನೇ ನೋಡಿ. ಗದ್ವಾಲ, ಗುರುಗುಂಟಾ, ಆನೆಗೊಂದಿ ಸಂಸ್ಥಾನಗಳು. ಕೊಪ್ಪಳ, ಯಲಬುರ್ಗಾ ಕಡೆ ಸಾಲಾರ್ ಜಂಗ್ ಮನೆತನದ ಜಾಗೀರು. ದಿವಾನಿ ಹಳ್ಳಿಯ ರೈತ ತಹಸೀಲ್ದಾರನ ಬಾಗಿಲಿಗೆ ಹೋದರೆ ಜಾಗೀರು ಹಳ್ಳಿಯ ರೈತ ಜಾಗೀರುದಾರನ ಕಾರಕೂನನ ಬಾಗಿಲಿಗೆ ಹೋಗಬೇಕು. ಇಲಾಖೆಗಳ ಸುಧಾರಿತ ನಕ್ಷೆ ಊರಿನ ಎಲ್ಲೆಯಲ್ಲೇ ನಿಂತುಬಿಡುತ್ತಿತ್ತು. ದಿವಾನಿ ಹಳ್ಳಿಯಲ್ಲೂ ಕಾನೂನು ಮಾಡುವವರನ್ನು ಆರಿಸುವ ಹಕ್ಕು ಯಾರಿಗೂ ಇರಲಿಲ್ಲ. ಆಡಳಿತದ ಭಾಷೆ ಉರ್ದು. ಕನ್ನಡದ ರೈತ ತನ್ನ ಹೊಲದ ಕಾಗದವನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ ತಿಳಿಯಬೇಕಿತ್ತು. ಅಂಗಗಳು ಬೇರೆಯಾಗುವುದು ಒಂದು, ಅವು ಜನರಿಗೆ ಉತ್ತರ ಕೊಡುವುದು ಇನ್ನೊಂದು. ಮೊದಲನೆಯದು ಇದ್ದ ಮಾತ್ರಕ್ಕೆ ಎರಡನೆಯದು ತಾನಾಗಿ ಬರುವುದಿಲ್ಲ ಎಂಬ ಪಾಠ ಹೈದರಾಬಾದಿನ 1921ರ ಸುಧಾರಣೆಯಲ್ಲಿದೆ.

1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಬದಲಾವಣೆಗಳು ಒಂದರ ಮೇಲೊಂದು ಬಂದವು. ಮೊದಲು ಮೇಜರ್ ಜನರಲ್ ಜೆ.ಎನ್. ಚೌಧುರಿಯವರ ಮಿಲಿಟರಿ ಆಡಳಿತ. 1949ರ ಆಗಸ್ಟಿನಲ್ಲಿ ಜಾಗೀರು ರದ್ದತಿ. ಆ ಕಾನೂನಿನ ಹೆಸರಿನಲ್ಲಿ ಇನ್ನೂ 1358 ಫಸಲಿ ಎಂಬ ಹಳೆಯ ಕಂದಾಯ ವರ್ಷವೇ ಇತ್ತು. 1950ರಲ್ಲಿ ಎಂ.ಕೆ. ವೆಲ್ಲೋಡಿಯವರ ನಾಗರಿಕ ಸರ್ಕಾರ. 1952ರಲ್ಲಿ ಮೊದಲ ಚುನಾವಣೆ, 175 ಸ್ಥಾನಗಳ ವಿಧಾನಸಭೆ, ಬೂರ್ಗುಲ ರಾಮಕೃಷ್ಣರಾವ್ ಮುಖ್ಯಮಂತ್ರಿ. ಅಂದರೆ ಈ ಸೀಮೆಗೆ ಸಂಬಳದ ಕಾರ್ಯಾಂಗ 1865ರಲ್ಲಿ, ಬೇರ್ಪಟ್ಟ ನ್ಯಾಯಾಂಗ 1921ರಲ್ಲಿ, ಜನ ಆರಿಸಿದ ಶಾಸಕಾಂಗ 1952ರಲ್ಲಿ ಬಂದವು. ಪಠ್ಯದಲ್ಲಿ ಒಂದೇ ಸಾಲಿನಲ್ಲಿ ಬರುವ ಮೂರು ಅಂಗಗಳ ನಡುವೆ ಇಲ್ಲಿ ಎಂಬತ್ತೇಳು ವರ್ಷಗಳ ಅಂತರವಿದೆ. ಮೂಲವಾದದ್ದೇ ಎಲ್ಲಕ್ಕಿಂತ ಕೊನೆಗೆ ಬಂತು.

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವೇ ಮೂರು ಪಾಲಾಯಿತು. ಗದ್ವಾಲ ಮತ್ತು ಅಲಂಪುರ ತಾಲ್ಲೂಕುಗಳನ್ನು ಆಂಧ್ರಕ್ಕೆ ಬಿಟ್ಟುಕೊಟ್ಟು ರಾಯಚೂರು ಮೈಸೂರು ರಾಜ್ಯ ಸೇರಿತು. ಹೊಸ ರಾಜ್ಯದಲ್ಲಿ ಮುಂಬಯಿ, ಮದರಾಸು, ಹೈದರಾಬಾದು, ಕೊಡಗು, ಹಳೆಯ ಮೈಸೂರು ಎಂಬ ಐದು ಮನೆಗಳ ಕಾನೂನುಗಳು ಒಟ್ಟಿಗೆ ಬಂದಿದ್ದವು. ಒಂದೇ ಹುದ್ದೆಗೆ ಒಂದು ಕಡೆ ಶಾನುಭೋಗ, ಒಂದು ಕಡೆ ಕುಲಕರ್ಣಿ, ಒಂದು ಕಡೆ ಪಟವಾರಿ. ಇವನ್ನು ಒಂದೇ ಹೊಲಿಗೆಗೆ ತರಲು ವರ್ಷಗಳು ಹಿಡಿದವು. ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1961ರಲ್ಲಿ ಬಂದು 1963ರಲ್ಲಿ ಜಾರಿಯಾಯಿತು. ವಂಶಪಾರಂಪರ್ಯದ ಪಟೇಲ, ಪಟವಾರಿಗಳ ಜಾಗಕ್ಕೆ ಸಂಬಳದ ಗ್ರಾಮ ಲೆಕ್ಕಿಗ ಬಂದ. 1964ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಭೂಕಂದಾಯ ಕಾಯ್ದೆ ಬಂತು. ಸಾಲಾರ್ ಜಂಗ್ ಜಿಲ್ಲೆಯ ಮಟ್ಟದಲ್ಲಿ ಮಾಡಿದ್ದು ಹಳ್ಳಿಯ ಮಟ್ಟಕ್ಕೆ ಇಳಿಯಲು ಸುಮಾರು ನೂರು ವರ್ಷ ಬೇಕಾಯಿತು.

ಈಗಿನ ರಚನೆಗೆ ಬರೋಣ. ಬೆಂಗಳೂರಿನಲ್ಲಿ 224 ಸದಸ್ಯರ ವಿಧಾನಸಭೆ, 75 ಸದಸ್ಯರ ವಿಧಾನ ಪರಿಷತ್ತು. ಸಭೆಗೆ ಹೊಣೆಯಾದ ಮಂತ್ರಿಮಂಡಲ. 2003ರ ಸಂವಿಧಾನ ತಿದ್ದುಪಡಿಯಂತೆ ಮಂತ್ರಿಗಳ ಸಂಖ್ಯೆ ವಿಧಾನಸಭೆಯ ಶೇಕಡಾ 15ನ್ನು ಮೀರುವಂತಿಲ್ಲ. ಮಂತ್ರಿಯ ಕೆಳಗೆ ಎರಡು ಪದರಗಳಿವೆ, ಇವನ್ನು ಬಹಳ ಜನ ಒಂದೇ ಎಂದುಕೊಳ್ಳುತ್ತಾರೆ. ಒಂದು ಸಚಿವಾಲಯ: ಕಾರ್ಯದರ್ಶಿಗಳು ನೀತಿ ರೂಪಿಸಿ, ಹಣ ಮಂಜೂರು ಮಾಡಿ, ಆದೇಶ ಹೊರಡಿಸುವ ಜಾಗ. ಇನ್ನೊಂದು ಇಲಾಖೆ: ಆಯುಕ್ತರು, ನಿರ್ದೇಶಕರಿಂದ ಹಿಡಿದು ಹೋಬಳಿಯವರೆಗೆ ಆ ಆದೇಶವನ್ನು ನಡೆಸುವ ಕೈ. ಕೆಳಗಿನ ಅಧಿಕಾರಿ ‘ಮೇಲಿನಿಂದ ಆದೇಶ ಬಂದಿಲ್ಲ’ ಎನ್ನುವಾಗ ಅವನು ಈ ಎರಡು ಪದರಗಳ ನಡುವಿನ ಬಿರುಕನ್ನು ತೋರಿಸುತ್ತಿರುತ್ತಾನೆ.

ಮೂರನೆಯ ಪದರ ನಿಗಮ, ಮಂಡಳಿಗಳದು. ರಾಯಚೂರಿನಷ್ಟು ಇದನ್ನು ಚೆನ್ನಾಗಿ ತೋರಿಸುವ ಜಿಲ್ಲೆ ವಿರಳ. ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ 1985ರಲ್ಲಿ ಶುರುವಾಯಿತು. ವಿದ್ಯುತ್ ಉತ್ಪಾದಿಸುವುದು ಕರ್ನಾಟಕ ವಿದ್ಯುತ್ ನಿಗಮ, ಸಾಗಿಸುವುದು ಕೆಪಿಟಿಸಿಎಲ್, ಮನೆಗೆ ಹಂಚುವುದು ಜೆಸ್ಕಾಂ, ದರ ನಿಗದಿ ಮಾಡುವುದು ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಜಿಲ್ಲೆಯ ನೆತ್ತಿಯ ಮೇಲೆಯೇ ಹೊಗೆ ಏಳುತ್ತಿದ್ದರೂ ಕರೆಂಟಿಲ್ಲದ ರಾತ್ರಿ ಯಾರನ್ನು ಕೇಳುವುದು ಎಂಬ ಪ್ರಶ್ನೆಗೆ ನಾಲ್ಕು ಉತ್ತರಗಳಿವೆ. ನೀರಿನ ಕಥೆಯೂ ಹಾಗೆಯೇ. ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ ಕಾಲುವೆಯನ್ನು ಕಟ್ಟಿದ್ದು 1994ರಲ್ಲಿ ಸ್ಥಾಪನೆಯಾದ ಕೃಷ್ಣಾ ಭಾಗ್ಯ ಜಲ ನಿಗಮದ ಹೊಣೆ. ಮಾನ್ವಿ, ಸಿಂಧನೂರಿನ ಕಡೆ ತುಂಗಭದ್ರಾ ಎಡದಂಡೆ ಕಾಲುವೆ ರಾಜ್ಯದ್ದು. ಆದರೆ ಅಣೆಕಟ್ಟೆಯ ನೀರಿನ ಹಂಚಿಕೆ 1953ರಲ್ಲಿ ಕೇಂದ್ರ ರಚಿಸಿದ ತುಂಗಭದ್ರಾ ಮಂಡಳಿಯದು. ಕಾಲುವೆಯ ಕೊನೆಯ ರೈತನ ಹೊಲಕ್ಕೆ ನೀರು ಬರದಿದ್ದರೆ ಅದು ಮಂಡಳಿಯ ತಪ್ಪೋ, ಇಲಾಖೆಯದೋ, ಮೇಲಿನವರು ಅಕ್ರಮವಾಗಿ ಎತ್ತಿಕೊಂಡದ್ದೋ ಎಂಬುದೇ ಒಂದು ವಿಚಾರಣೆ.

ಕವಲುಗಳು ಪೂರ್ತಿ ಬೇರೆಯಾಗಿವೆ ಎಂದೂ ಅಲ್ಲ. 1974ರಲ್ಲಿ ಜಾರಿಗೆ ಬಂದ ದಂಡ ಪ್ರಕ್ರಿಯಾ ಸಂಹಿತೆ ನ್ಯಾಯಿಕ ದಂಡಾಧಿಕಾರಿಗಳನ್ನು ಕಾರ್ಯಾಂಗದ ದಂಡಾಧಿಕಾರಿಗಳಿಂದ ಬೇರ್ಪಡಿಸಿತು. ಆದರೂ ತಹಸೀಲ್ದಾರರು ಇಂದಿಗೂ ತಾಲ್ಲೂಕು ದಂಡಾಧಿಕಾರಿಗಳೇ. ಭೂಮಿಯ ಹಲವು ತಕರಾರುಗಳನ್ನು ಸಹಾಯಕ ಆಯುಕ್ತರು, ಜಿಲ್ಲಾಧಿಕಾರಿಗಳು ನ್ಯಾಯಾಲಯದಂತೆಯೇ ಕುಳಿತು ಕೇಳುತ್ತಾರೆ. ದೇವರಾಜ ಅರಸು ಅವರ ಕಾಲದ ಭೂಸುಧಾರಣೆ ತಂದ ಭೂನ್ಯಾಯ ಮಂಡಳಿಗಳಲ್ಲಿ ಅಧಿಕಾರಿ ಅಧ್ಯಕ್ಷ, ಜೊತೆಗೆ ಜನಪ್ರತಿನಿಧಿಗಳು. ವಕೀಲರಿಗೆ ಪ್ರವೇಶವಿರಲಿಲ್ಲ. ಗೇಣಿದಾರ ತಾನೇ ಮಾತಾಡಲಿ ಎಂಬುದು ಅದರ ಉದ್ದೇಶ. ಅಂಗಗಳ ಗೆರೆಯನ್ನು ಬೇಕೆಂದೇ ದಾಟಿದ ಪ್ರಯೋಗ ಅದು. ಎಷ್ಟೋ ಗೇಣಿದಾರರು ಭೂಮಿಯ ಒಡೆಯರಾದದ್ದು ಆ ಮಂಡಳಿಗಳ ಎದುರಿನಲ್ಲೇ.

ಅಧಿಕಾರವನ್ನು ಅಡ್ಡಕ್ಕೆ ಹಂಚುವುದರ ಜೊತೆ ಕೆಳಕ್ಕೆ ಹಂಚುವ ಪ್ರಯತ್ನವೂ ನಡೆಯಿತು. ರಾಮಕೃಷ್ಣ ಹೆಗಡೆ ಸರ್ಕಾರದ ಮಂತ್ರಿ ಅಬ್ದುಲ್ ನಜೀರ್ ಸಾಬ್ ಅವರ ಹೆಸರಿನೊಂದಿಗೆ ಬೆರೆತುಹೋದ 1983ರ ಕಾಯ್ದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಅದರ ಮುಖ್ಯ ಕಾರ್ಯದರ್ಶಿ ಜಿಲ್ಲಾಧಿಕಾರಿಗಿಂತ ಹಿರಿಯ ಐಎಎಸ್ ಅಧಿಕಾರಿ. ಸಾಲಾರ್ ಜಂಗರ ಅವ್ವಲ್ ತಾಲ್ಲೂಕ್‌ದಾರನಿಂದ ಬಂದ ಜಿಲ್ಲೆಯ ಹಿರಿತನ ಮೊದಲ ಬಾರಿಗೆ ಚುನಾಯಿತರ ಕಡೆಗೆ ವಾಲಿತು. ಅದು ಬಹಳ ಕಾಲ ಬಾಳಲಿಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆ ಮೂರು ಹಂತದ ಪಂಚಾಯಿತಿಯನ್ನು ತಂದಿತು. ಆದರೆ 2021ರಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯದೆ ಆಡಳಿತಾಧಿಕಾರಿಗಳ ಕೈಯಲ್ಲಿ ಅವು ಉಳಿದವು. ಕಚೇರಿ ಇತ್ತು, ಸಿಬ್ಬಂದಿ ಇತ್ತು, ಕಡತ ಚಲಿಸುತ್ತಿತ್ತು. ಉತ್ತರ ಹೇಳಬೇಕಾದ ಚುನಾಯಿತ ಸದಸ್ಯನ ಕುರ್ಚಿ ಮಾತ್ರ ಖಾಲಿ. 1921ರ ಪಾಠ ಇಲ್ಲಿ ಮತ್ತೆ ಎದುರಾಗುತ್ತದೆ.

ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ಅತ್ಯಂತ ಹಿಂದುಳಿದ 39ರಲ್ಲಿ 21 ಅಂದಿನ ಗುಲಬರ್ಗಾ ವಿಭಾಗದವು. ದೇವದುರ್ಗ ಅವುಗಳಲ್ಲೊಂದು. ಬೆಂಗಳೂರಿನಿಂದ ಸುಮಾರು ನಾನೂರು ಕಿಲೋಮೀಟರ್ ದೂರದ ಈ ಸೀಮೆಗೆ ಇಲಾಖೆಗಳೆಲ್ಲ ಇದ್ದರೂ ಅವುಗಳಲ್ಲಿ ಹುದ್ದೆಗಳು ಖಾಲಿ ಬಿದ್ದಿರುತ್ತಿದ್ದವು. ಬಂದವರು ವರ್ಗಾವಣೆ ಹಿಡಿದು ಹೋಗುತ್ತಿದ್ದರು. ಸಂವಿಧಾನದ 371-ಜೆ ವಿಧಿ 2013ರಲ್ಲಿ ಜಾರಿಗೆ ಬಂದದ್ದು ಈ ಹಿನ್ನೆಲೆಯಲ್ಲಿ. ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಶಿಕ್ಷಣ ಮತ್ತು ನೌಕರಿಯಲ್ಲಿ ಸ್ಥಳೀಯರಿಗೆ ಮೀಸಲು ದೊರೆತವು. ಅದೇ ವರ್ಷ ಕಲಬುರಗಿಯ ಸಂಚಾರಿ ಹೈಕೋರ್ಟ್ ಪೀಠ ಕಾಯಂ ಆಯಿತು. ನ್ಯಾಯಾಂಗದ ಒಂದು ಬಾಗಿಲು ನಾನೂರು ಕಿಲೋಮೀಟರಿನಿಂದ ಒಂದು ದಿನದ ಪ್ರಯಾಣದ ಅಳತೆಗೆ ಬಂತು.

ಹಲವು ಬಾಗಿಲುಗಳು ಶಾಪವೆಂದು ರೈತನಿಗೆ ಅನ್ನಿಸುವುದು ಸಹಜ. ಆದರೆ ಗುತ್ತಿಗೆಯ ತಾಲ್ಲೂಕ್‌ದಾರನ ಕಾಲದಲ್ಲಿ ಇದ್ದದ್ದು ಒಂದೇ ಬಾಗಿಲು. ಅಲ್ಲಿ ಅನ್ಯಾಯವಾದರೆ ಹೋಗಲು ಇನ್ನೊಂದು ಬಾಗಿಲು ಇರಲಿಲ್ಲ. ತಹಸೀಲ್ದಾರರ ಆದೇಶದ ಮೇಲೆ ಸಹಾಯಕ ಆಯುಕ್ತರಿಗೆ ಮೇಲ್ಮನವಿ, ಅಲ್ಲಿಂದ ಜಿಲ್ಲಾಧಿಕಾರಿಗೆ, ಅಲ್ಲಿಂದ ಹೈಕೋರ್ಟಿಗೆ. ಅಧಿಕಾರಿಯ ಮೇಲೆ ಲೋಕಾಯುಕ್ತಕ್ಕೆ ದೂರು. ಮಾಹಿತಿ ಹಕ್ಕಿನ ಒಂದು ಅರ್ಜಿ. ವಿಧಾನಸಭೆಯಲ್ಲಿ ಶಾಸಕನಿಂದ ಒಂದು ಪ್ರಶ್ನೆ. ಇವೆಲ್ಲ ಸಾಧ್ಯವಾದದ್ದು ಸರ್ಕಾರ ಕವಲೊಡೆದದ್ದರಿಂದಲೇ. ಕವಲುಗಳು ಹೊಣೆಯನ್ನು ಒಬ್ಬರಿಂದೊಬ್ಬರಿಗೆ ತಳ್ಳುವುದಕ್ಕೂ ಬಳಕೆಯಾಗುತ್ತವೆ, ಒಬ್ಬರನ್ನೊಬ್ಬರು ಕಾಯುವುದಕ್ಕೂ ಬಳಕೆಯಾಗುತ್ತವೆ. ಎರಡರಲ್ಲಿ ಯಾವುದು ನಡೆಯುತ್ತದೆ ಎಂಬುದು ಕೇಳುವವರಿಗೆ ಯಾವ ಕವಲು ಯಾರಿಗೆ ಉತ್ತರಿಸಬೇಕು ಎಂದು ಎಷ್ಟು ಗೊತ್ತಿದೆ ಎಂಬುದರ ಮೇಲೆ ನಿಂತಿದೆ. ಮಾನ್ವಿಯ, ದೇವದುರ್ಗದ ಶಾಲೆಗಳಲ್ಲಿ ಪೌರನೀತಿಯ ಪಾಠ ಮಾಡುವಾಗ ಮೂರು ಅಂಗಗಳ ಜೊತೆಗೆ ಊರಿನ ಒಂದು ಪಹಣಿಯನ್ನೂ ಮೇಜಿನ ಮೇಲಿಟ್ಟು, ಅದರ ಒಂದೊಂದು ಕಲಮನ್ನು ತುಂಬುವುದು ಯಾರ ಕೆಲಸ, ಅದು ತಪ್ಪಿದರೆ ತಿದ್ದುವುದು ಯಾರ ಕೆಲಸ ಎಂದು ಮಕ್ಕಳಿಂದಲೇ ಹುಡುಕಿಸಿದರೆ ಆ ಪಾಠ ಪರೀಕ್ಷೆಯ ಆಚೆಗೂ ಅವರಿಗೆ ಕೆಲಸಕ್ಕೆ ಬರುತ್ತದೆ.